ಆವರಣದೊಳಗೆ ಮನುಷ್ಯ ಬಿದ್ದರೆ ಹುಲಿಗೆ ಗುಂಡು ಹೊಡೆಯಲೇಬೇಕಾ? ಅರಿವಳಿಕೆ ಯಾಕೆ ಸಾಲೋದಿಲ್ಲ?

ಗಾಜನೂರು_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹೈಸ್ಕೂಲಿನ ಅರವತ್ತು ಮಕ್ಕಳು ಶಿವಮೊಗ್ಗ ಹತ್ತಿರದ ತ್ಯಾವರೆಕೊಪ್ಪದ ಹುಲಿ ಸಿಂಹಧಾಮಕ್ಕೆ ಹೊರಟಿದ್ದಾರೆ. ಹೋಗುವ ಮೊದಲು ಅವರ ಕೈಗೆ ಎರಡು ಪುಟದ ಬರಹ ಕೊಡಬೇಕು. ಹುಲಿ, ಸಿಂಹ, ಕರಡಿ ಬಗ್ಗೆ ಬರೆಯೋದು ಕಷ್ಟವಲ್ಲ. ಮಕ್ಕಳು ಕೇಳಿಯೇ ಕೇಳುವ ಪ್ರಶ್ನೆ ಒಂದಿದೆ: ಯಾರಾದರೂ ಒಳಗೆ ಬಿದ್ದರೆ ಹುಲೀನ ಕೊಂದುಬಿಡ್ತಾರಾ? ಅದಕ್ಕೆ ಸುಳ್ಳಾಡದೆ, ಹೆದರಿಸದೆ ಉತ್ತರ ಬರೆಯಬೇಕು.

ಎರಡು ಘಟನೆ ಕಣ್ಣ ಮುಂದಿವೆ. 2016ರ ಮೇ 28ರಂದು ಅಮೆರಿಕದ ಸಿನ್ಸಿನಾಟಿ ಮೃಗಾಲಯದಲ್ಲಿ ಮೂರು ವರ್ಷದ ಹುಡುಗನೊಬ್ಬ ಗೊರಿಲ್ಲಾ ಇದ್ದ ಕಂದಕಕ್ಕೆ ಬಿದ್ದ. ಸುಮಾರು ಹತ್ತು ನಿಮಿಷಕ್ಕೆ ಹರಾಂಬೆ ಎಂಬ 17 ವರ್ಷದ ಗಂಡು ಗೊರಿಲ್ಲಾಕ್ಕೆ ಗುಂಡು ಹೊಡೆದರು. ಹುಡುಗ ಉಳಿದ. ಅದಕ್ಕೂ ಮುಂಚೆ, 2014ರ ಸೆಪ್ಟೆಂಬರ್ 23ರಂದು ದೆಹಲಿ ಮೃಗಾಲಯದಲ್ಲಿ ಬಿಳಿ ಹುಲಿಯ ಕಂದಕದೊಳಗೆ ಒಬ್ಬ ಯುವಕ ಸಿಕ್ಕಿಕೊಂಡ. ಅಲ್ಲಿ ಗುಂಡೂ ಹಾರಲಿಲ್ಲ, ಅರಿವಳಿಕೆ ಬಂದೂಕೂ ಹೊತ್ತಿಗೆ ಬರಲಿಲ್ಲ. ಯುವಕ ಸತ್ತ, ಹುಲಿ ಉಳಿಯಿತು. ಎರಡೂ ಸಲ ಜನ ಬೈದರು.

ಅರಿವು ತಪ್ಪಿಸುವ ಮದ್ದು ಇರುವಾಗ ಗುಂಡು ಯಾಕೆ? ಅಳಿವಿನಂಚಿನ ಪ್ರಾಣಿ ಎಂಬ ಮಾತಿಗೆ ಆ ಗಳಿಗೆಯಲ್ಲಿ ಏನಾದರೂ ತೂಕ ಇದೆಯಾ? ಇನ್ನು, ಮೇಲೆ ನಿಂತಿರುವ ಮಕ್ಕಳು ಏನು ಮಾಡಬೇಕು, ಏನು ಮಾಡಬಾರದು? ಇದರಲ್ಲಿ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಸೂಜಿಮದ್ದು

ಮೇಷ್ಟ್ರೇ, ಮದ್ದಿನ ವಿಷಯದಿಂದಲೇ ಶುರು ಮಾಡ್ತೀನಿ, ಜನರಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರೋದು ಅಲ್ಲೇ. ಸೂಜಿ ನಾಟಿದ ಕೂಡಲೇ ಪ್ರಾಣಿ ದೊಪ್ಪನೆ ಬೀಳುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೀಳೋದಿಲ್ಲ.

ಡಾರ್ಟ್ ಅಂದರೆ ಬೆರಳುದಪ್ಪದ ಸಿರಿಂಜು, ಬಾಲಕ್ಕೊಂದು ಕುಚ್ಚು. ಒಳಗೆ ಎರಡು ಕೋಣೆ, ನಡುವೆ ರಬ್ಬರ್ ಬಿರಡೆ. ಮುಂದಿನ ಕೋಣೆಯಲ್ಲಿ ಮದ್ದು, ಹಿಂದಿನದರಲ್ಲಿ ಒತ್ತಿ ತುಂಬಿದ ಗಾಳಿ. ಸೂಜಿಯ ತುದಿ ಮುಚ್ಚಿರುತ್ತೆ. ಮದ್ದು ಹೊರಬರೋ ತೂತು ಸೂಜಿಯ ಪಕ್ಕದಲ್ಲಿದ್ದು, ಅದರ ಮೇಲೆ ಸಣ್ಣ ಸಿಲಿಕಾನ್ ತೋಳು ಹಾಕಿರ್ತಾರೆ. ಸೂಜಿ ಚರ್ಮ ತೂರುವಾಗ ಈ ತೋಳು ಹಿಂದಕ್ಕೆ ಸರಿದು ತೂತು ತೆರೀಬೇಕು, ಆಗ ಗಾಳಿ ಬಿರಡೆಯನ್ನು ತಳ್ಳಿ ಮದ್ದು ಮಾಂಸಖಂಡಕ್ಕೆ ಇಳೀಬೇಕು. ತೋಳು ಸಡಿಲವಾಗಿದ್ದರೆ ಮದ್ದು ದಾರಿಯಲ್ಲೇ ಸೋರಿಹೋಗುತ್ತೆ. ಸೂಜಿ ಮೂಳೆಗೆ ತಾಗಿದರೆ ಡಾರ್ಟ್ ಪುಟಿದು ಬೀಳುತ್ತೆ. ಕೊಬ್ಬಿನಲ್ಲಿ ನಿಂತರೆ ಮದ್ದು ರಕ್ತಕ್ಕೆ ಸೇರೋದು ಬಹಳ ನಿಧಾನ. ತೊಡೆ ಅಥವಾ ಭುಜದ ದಪ್ಪ ಮಾಂಸಕ್ಕೇ ನೆಟ್ಟಗೆ ಬೀಳಬೇಕು. ದೂರದ ಅಂದಾಜು ತಪ್ಪಿ ಒತ್ತಡ ಹೆಚ್ಚಿಟ್ಟರೆ ಅದೇ ಡಾರ್ಟ್ ಮೂಳೆ ಮುರಿಯುತ್ತೆ, ಕಡಿಮೆ ಇಟ್ಟರೆ ಮುಂದೆಯೇ ನೆಲಕ್ಕೆ ಬೀಳುತ್ತೆ.

ಹುಲಿಗೆ ನಮ್ಮ ದೇಶದಲ್ಲಿ ರೂಢಿಯಲ್ಲಿರೋದು ಜೈಲಜಿನ್ ಮತ್ತು ಕೆಟಮಿನ್ ಮಿಶ್ರಣ. 500 ಮಿಲಿಗ್ರಾಂ ಜೈಲಜಿನ್ ಪುಡಿ ಇರುವ ಶೀಶೆಗೆ ಮಿಲಿಲೀಟರಿಗೆ 100 ಮಿಲಿಗ್ರಾಂ ಸಾಂದ್ರತೆಯ ಕೆಟಮಿನ್ 4 ಮಿಲಿಲೀಟರ್ ಸೇರಿಸಿ ಕರಗಿಸಿದರೆ, ಪ್ರತಿ ಮಿಲಿಲೀಟರಿನಲ್ಲಿ ಜೈಲಜಿನ್ 125, ಕೆಟಮಿನ್ 100 ಮಿಲಿಗ್ರಾಂ ಸಿಗುತ್ತೆ. 200 ಕೆ.ಜಿ. ತೂಗೋ ಗಂಡು ಹುಲಿಗೆ ಇದು ಮೂರು ಮಿಲಿಲೀಟರಿಗಿಂತ ಸ್ವಲ್ಪ ಮೇಲೆ ಬೇಕು. ಹುಲಿ ತಣ್ಣಗೆ ಮಲಗಿದ್ದು, ಏಟು ಸರಿಯಾಗಿ ಬಿದ್ದರೂ ಪೂರ್ತಿ ಅಮಲು ಏರಲು ಐದರಿಂದ ಹದಿನೈದು ನಿಮಿಷ. ಕೆರಳಿದ ಹುಲಿಗೆ ಇನ್ನೂ ತಡ. ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತಿರುವಾಗ ಜೈಲಜಿನ್‌ನ ಶಾಂತಗೊಳಿಸುವ ಗುಣವೇ ಕುಗ್ಗಿಹೋಗುತ್ತೆ. ಎರಡನೇ ಡಾರ್ಟ್ ಬೇಕಾಗೋದು ಬಹಳ ಸಲ ಇದೇ ಕಾರಣಕ್ಕೆ.

ಈಗ ಇದರ ಹಿಂದಿನ ಸಮಯ ಕೂಡಿಸಿ. ಕೆಟಮಿನ್ ಬೀಗ ಹಾಕಿದ ಬೀರುವಿನಲ್ಲಿ ಇರಬೇಕಾದ ಮದ್ದು. ಅದನ್ನು ತೆಗೆದು, ತೂಕ ಅಂದಾಜಿಸಿ, ಕರಗಿಸಿ, ಡಾರ್ಟಿಗೆ ತುಂಬಿ, ಗಾಳಿ ಹೊಡೆದು, ಬಂದೂಕು ಹಿಡಿದು ಜಾಗಕ್ಕೆ ಓಡಬೇಕು. ಪಳಗಿದ ಕೈಗೂ ಕೆಲವು ನಿಮಿಷ ಹಿಡಿಯುತ್ತೆ. ಸಿನ್ಸಿನಾಟಿಯಲ್ಲಿ ಇಡೀ ಘಟನೆ ಮುಗಿದಿದ್ದೇ ಹತ್ತು ನಿಮಿಷದಲ್ಲಿ. ಮೊದಲೇ ತುಂಬಿಟ್ಟುಕೊಳ್ಳಬಾರದಾ ಅಂತ ಕೇಳ್ತಾರೆ. ಒತ್ತಡ ತುಂಬಿದ ಡಾರ್ಟ್ ದಿನಗಟ್ಟಲೆ ಹಾಗೇ ಇಟ್ಟರೆ ಸೋರುತ್ತೆ. ಅಲ್ಲದೆ ಎಲ್ಲಾ ಪ್ರಾಣಿಗೂ ಒಂದೇ ಮದ್ದು ನಡೆಯೋದಿಲ್ಲ. ಟಿಲೆಟಮಿನ್ ಮತ್ತು ಜೋಲಾಜಪಾಮ್ ಮಿಶ್ರಣವನ್ನು ಸಿಂಹಕ್ಕೆ ಕೊಡ್ತಾರೆ, ಹುಲಿಗೆ ಕೊಡೋಕೆ ವೈದ್ಯರು ಹಿಂಜರಿಯುತ್ತಾರೆ. ಎಚ್ಚರವಾದ ಮೇಲೆ ನರಗಳ ತೊಂದರೆ ಕಾಣಿಸಿಕೊಂಡಿದ್ದು ವರದಿಯಾಗಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಮೊದಲ ಎರಡು ಸೆಕೆಂಡಿನದು. ಡಾರ್ಟ್ ಬಿದ್ದಾಗ ಪ್ರಾಣಿಗೆ ಗೊತ್ತಾಗೋದು ನೋವು ಮಾತ್ರ. ತಿರುಗಿ, ಹತ್ತಿರ ಏನಿದೆಯೋ ಅದಕ್ಕೇ ಬಾಯಿ ಹಾಕುತ್ತೆ. ಹತ್ತಿರ ಇರೋದು ಮನುಷ್ಯ.

ಹಾಗಂತ ಡಾರ್ಟ್ ಬೇಡವೇ ಬೇಡ ಅಂತಲ್ಲ. ಪ್ರಾಣಿ ಹೊರಗೆ ಬಂದಿದೆ ಆದರೆ ಹತ್ತಿರ ಯಾರೂ ಇಲ್ಲ, ಅಥವಾ ಒಳಗೆ ಬಿದ್ದವರು ಅದರ ಕೈಗೆ ಸಿಗದ ಕಟ್ಟೆಯ ಮೇಲೆ ಇದ್ದಾರೆ ಅಂದರೆ ಮೊದಲ ಆಯ್ಕೆ ಡಾರ್ಟೇ. ಆಗಲೂ ಡಾರ್ಟ್ ಹೊಡೆಯುವವರ ಪಕ್ಕದಲ್ಲಿ ತುಂಬಿದ ರೈಫಲ್ ಹಿಡಿದು ಇನ್ನೊಬ್ಬರು ನಿಂತಿರಬೇಕು. ಅಮಲು ಇಳಿಸೋಕೆ ಯೋಹಿಂಬಿನ್ ಅನ್ನೋ ಮದ್ದು ಸಿದ್ಧ ಇರಬೇಕು. ಜೈಲಜಿನ್ ಬೆಕ್ಕಿನ ಜಾತಿಗೆ ವಾಂತಿ ತರಿಸುತ್ತೆ, ಹೊಟ್ಟೆ ತುಂಬಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಿಯೇ ಸಾಯಬಹುದು. ತಲೆ ಇಳಿಜಾರಿನ ಕಡೆ ಬರೋ ಹಾಗೆ ಮಲಗಿಸಿ, ಕಣ್ಣಿಗೆ ಬಟ್ಟೆ ಕಟ್ಟಿ, ಮೈಬಿಸಿ ನೋಡ್ತಾ ಇರಬೇಕು.

ಗುಂಡೂ ಸುಲಭದ ಕೆಲಸ ಅಲ್ಲ ಅನ್ನೋದನ್ನೂ ಮಕ್ಕಳಿಗೆ ಹೇಳಿ. 12 ಬೋರಿನ ಚರೆ ತೋಟಾ ಹರಡಿಕೊಂಡು ಹೋಗುತ್ತೆ, ಕೆಳಗಿರುವ ಮನುಷ್ಯನಿಗೂ ತಾಗುತ್ತೆ. ರೈಫಲ್ಲೇ ಬೇಕು, ಒಂದೇ ಗುಂಡಿಗೆ ಕೆಲಸ ಮುಗಿಯಬೇಕು. ಗಾಯಗೊಂಡ ಹುಲಿ ಬಿದ್ದವನಿಗೂ ಅಪಾಯ, ಬಿಡಿಸಲು ಇಳಿದವನಿಗೂ ಅಪಾಯ.

ಎರಡು_ಬೀಗ

ವೈದ್ಯರು ಹೇಳಿದ್ದು ಪೂರ್ತಿ ಸರಿ. ಆದರೆ ಬಂದೂಕಿನ ತನಕ ಬಂತು ಅಂದರೆ ಅಲ್ಲಿಗೆ ಆಗಲೇ ಮೂರು ಕಡೆ ಕೆಲಸ ಕೆಟ್ಟಿದೆ ಅಂತ ಅರ್ಥ. ಮನುಷ್ಯನೋ ಪ್ರಾಣಿಯೋ ಅಂತ ತೂಗೋದು ಬೇಲಿ ಹಾಕುವಾಗ, ಬೀಗ ಹಾಕುವಾಗ, ಸಂಜೆ ಒಳಗೆ ಕರೆಯುವಾಗ. ಅಲ್ಲಿ ಸರಿಯಾಗಿ ತೂಗಿದರೆ ಎರಡೂ ಜೀವ ಉಳಿಯುತ್ತವೆ.

ಬೇಲಿಯಿಂದ ಹೇಳ್ತೀನಿ. 2007ರ ಡಿಸೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೋ ಮೃಗಾಲಯದಲ್ಲಿ ಟಟಿಯಾನಾ ಅನ್ನೋ ಸೈಬೀರಿಯಾದ ಹೆಣ್ಣು ಹುಲಿ ಕಂದಕ ದಾಟಿ ಬಂದು ಒಬ್ಬನನ್ನು ಕೊಂದಿತು, ಪೊಲೀಸರು ಅದಕ್ಕೆ ಗುಂಡು ಹೊಡೆದರು. ಆಮೇಲೆ ಗೋಡೆ ಅಳೆದರೆ ಸುಮಾರು 3.8 ಮೀಟರ್. ಅಲ್ಲಿನ ಮೃಗಾಲಯಗಳ ಸಂಘ ಶಿಫಾರಸು ಮಾಡಿದ್ದು 5 ಮೀಟರ್. ಆ ಒಂದು ಚಿಲ್ಲರೆ ಮೀಟರಿಗೆ ಎರಡು ಜೀವ ಹೋದವು. ಸಿನ್ಸಿನಾಟಿಯಲ್ಲಿ ಜನ ನಿಲ್ಲುವ ಕಡೆಯ ಬೇಲಿ ಇದ್ದದ್ದು ಮೂರು ಅಡಿ. ಘಟನೆ ಆದ ಮೇಲೆ ಅದನ್ನು ಮೂರೂವರೆ ಅಡಿಗೆ ಏರಿಸಿ, ಸಂದಿಯಲ್ಲಿ ನುಸುಳದ ಹಾಗೆ ಹಗ್ಗದ ಬಲೆ ಬಿಗಿದರು. ಮೂರು ವರ್ಷದ ಮಗು ಹತ್ತೋದಕ್ಕಿಂತ ನುಸುಳೋದೇ ಹೆಚ್ಚು. ಬೇಲಿ ಪರೀಕ್ಷೆ ಮಾಡುವವರು ಮಂಡಿಯೂರಿ ಕೂತು ಮಗುವಿನ ಎತ್ತರದಿಂದ ನೋಡಬೇಕು.

ನಮ್ಮ ಕಡೆ ಬೇಲಿ ಕೆಡೋದು ಮಳೆಗಾಲದಲ್ಲಿ. ಆಗುಂಬೆಯಷ್ಟು ಮಳೆ ಶಿವಮೊಗ್ಗದ ಸುತ್ತ ಇಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಇಷ್ಟನ್ನು ದಿನಾ ನೋಡಲೇಬೇಕು: ಕಂದಕಕ್ಕೆ ಹೂಳು ತುಂಬಿ ಆಳ ಕಡಿಮೆ ಆಗಿದೆಯಾ, ಜಾಲರಿಯ ಬುಡದ ಮಣ್ಣು ಕೊಚ್ಚಿ ಸಂದಿ ಬಿದ್ದಿದೆಯಾ, ಗಾಳಿಗೆ ಒಣಕೊಂಬೆ ಮುರಿದು ಬೇಲಿಗೆ ಏಣಿಯ ಹಾಗೆ ಒರಗಿದೆಯಾ. ಸೋಲಾರ್ ತಂತಿಗೆ ಲಂಟಾನ, ಹುಲ್ಲು ತಾಗಿದರೆ ಕರೆಂಟು ಅಲ್ಲೇ ಭೂಮಿಗೆ ಇಳಿದುಹೋಗುತ್ತೆ. ಬೇಸಿಗೆಯಲ್ಲಿ ಇದರ ಉಲ್ಟಾ: ನೆಲ ಒಣಗಿ ಅರ್ತಿಂಗ್ ಸಿಗದೆ ಹೊಡೆತ ಸಪ್ಪೆ ಆಗುತ್ತೆ, ಅರ್ತ್ ರಾಡಿನ ಬುಡಕ್ಕೆ ನೀರು ಹಾಕಬೇಕು. ಮೀಟರಿನಲ್ಲಿ 5,000 ವೋಲ್ಟ್‌ಗಿಂತ ಕೆಳಗೆ ತೋರಿಸಿದರೆ ಆ ತಂತಿಯನ್ನು ನಂಬಬೇಡಿ.

ಬಾಗಿಲಿನ ವಿಷಯಕ್ಕೆ ಬಂದರೆ, ಅಪಾಯ ಹೆಚ್ಚು ಇರೋದು ನೋಡಲು ಬಂದವರಿಗಲ್ಲ, ಪ್ರಾಣಿಪಾಲಕರಿಗೆ. ರಾತ್ರಿ ಕೊಠಡಿಯ ಮೇಲೆ ಕೆಳಗೆ ಸರಿಯೋ ಬಾಗಿಲು ಇರುತ್ತಲ್ಲ, ಅದರ ಕೆಳಗಿನ ತೋಡಿನಲ್ಲಿ ಎಲೆ, ಕೆಸರು, ಮೂಳೆ ಚೂರು ಸೇರಿಕೊಂಡರೆ ಬಾಗಿಲು ಪೂರ್ತಿ ಕೂರೋದಿಲ್ಲ. ಚಿಲಕ ಹಾಕಿದ ಹಾಗೆ ಸದ್ದು ಬರುತ್ತೆ, ಆದರೆ ಕೊಂಡಿ ತೂತಿಗೆ ಇಳಿದಿರೋದಿಲ್ಲ. ಅದಕ್ಕೇ ಸದ್ದು ನಂಬದೆ ಕೈಯಿಂದ ಎಳೆದು ನೋಡಬೇಕು. ಬಾಗಿಲು ಎತ್ತುವ ಉಕ್ಕಿನ ಹಗ್ಗದ ಎಳೆ ಎಲ್ಲಾದರೂ ಬಿಚ್ಚಿಕೊಂಡಿದ್ದರೆ ಅದೇ ದಿನ ಬದಲಿಸಬೇಕು. ಆವರಣ ಗುಡಿಸಲು ಒಬ್ಬರೇ ಹೋಗಬಾರದು. ಇಬ್ಬರು, ಎರಡು ಬೀಗ, ಎರಡು ಬೀಗದ ಕೈ, ಅವು ಇಬ್ಬರ ಬಳಿ ಬೇರೆ ಬೇರೆ. ಒಬ್ಬರು ಕೊಠಡಿಯೊಳಗೆ ಕಣ್ಣಾರೆ ಎಣಿಸಿ ‘ಒಳಗೆ ಎರಡು, ಬೀಗ ಬಿತ್ತು’ ಅಂತ ಕೂಗಬೇಕು. ಇನ್ನೊಬ್ಬರು ತಾವೇ ಹೋಗಿ ಎಣಿಸಿ ಅದೇ ಮಾತು ತಿರುಗಿ ಕೂಗಬೇಕು. ಇದು ಸಾವಿರ ದಿನ ಬೇಸರದ ಕೆಲಸ ಅನ್ನಿಸುತ್ತೆ. ಬಿಟ್ಟ ದಿನವೇ ಅನಾಹುತ.

ಮೂರನೆಯದು ಕರೆ. ಜನ ಇದನ್ನು ಗಮನಿಸೋದೇ ಇಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ. ಸಿನ್ಸಿನಾಟಿಯಲ್ಲಿ ಮಗು ಬಿದ್ದ ಕೂಡಲೇ ಪಾಲಕರು ಗೊರಿಲ್ಲಾಗಳನ್ನು ಒಳಕ್ಕೆ ಕರೆದರು. ಎರಡು ಹೆಣ್ಣು ಬಂದವು, ಹರಾಂಬೆ ಬರಲಿಲ್ಲ. ಅಂದರೆ ಮೂರರಲ್ಲಿ ಎರಡರ ಪ್ರಾಣ ಉಳಿಸಿದ್ದು ಕರೆಯೇ. ನಮ್ಮಲ್ಲಿ ಹುಲಿ ಸಿಂಹಗಳಿಗೆ ಸಂಜೆ ಮಾಂಸ ಒಳಗೇ ಹಾಕೋದು, ಅದಕ್ಕೆ ಸಂಜೆ ತಾವಾಗಿಯೇ ಬರ್ತವೆ. ಆದರೆ ಬೆಳಗ್ಗೆ ಹನ್ನೊಂದಕ್ಕೆ ಕರೆದರೆ? ಬರೋದಿಲ್ಲ, ಯಾಕಂದರೆ ಆ ಹೊತ್ತಿಗೆ ಯಾರೂ ಕರೆದು ಏನೂ ಕೊಟ್ಟಿಲ್ಲ. ತುರ್ತಿಗೆ ಅಂತಲೇ ಬೇರೆ ಗಂಟೆ ಇಡಬೇಕು. ವಾರಕ್ಕೆ ಎರಡು ಮೂರು ಸಲ, ಹೊತ್ತುಗೊತ್ತಿಲ್ಲದೆ ಬಾರಿಸಿ, ಬಂದರೆ ಅದಕ್ಕೆ ಅತಿ ಇಷ್ಟವಾದ ತುಂಡು ಕೊಡಬೇಕು. ಬಂದ ಮೇಲೆ ಪ್ರತಿ ಸಲ ಕೂಡಿ ಹಾಕಬಾರದು, ತಿಂದ ಮೇಲೆ ಹೊರಗೆ ಬಿಡಬೇಕು. ಇಲ್ಲದಿದ್ದರೆ ಗಂಟೆ ಅಂದರೆ ಜೈಲು ಅಂತ ಕಲಿತುಬಿಡುತ್ತೆ. ಆ ಗಂಟೆಯನ್ನು ಬೇರೆ ಯಾವ ಕೆಲಸಕ್ಕೂ ಬಳಸಬಾರದು, ಚುಚ್ಚುಮದ್ದು ಕೊಡುವ ದಿನ ಅಂತೂ ಮುಟ್ಟಲೇಬಾರದು.

ಕಲಂ_ಹನ್ನೊಂದು

ಕಾನೂನಿನ ಭಾಗ ಚಿಕ್ಕದಾಗಿ ಬರೆಯುತ್ತೇನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 11ನೇ ಕಲಮಿನ ಪ್ರಕಾರ ಒಂದನೇ ಅನುಸೂಚಿಯ (ಹುಲಿ, ಸಿಂಹದಂಥ, ಅತಿ ಹೆಚ್ಚು ರಕ್ಷಣೆ ಇರುವ) ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿ ಆಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಸಹಿತ ಲಿಖಿತ ಆದೇಶ ಕೊಡಬೇಕು. ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆಗೆ ಸಾಗಿಸಲು ಆಗುವುದಿಲ್ಲ ಎಂದು ಖಾತ್ರಿಯಾಗದೆ ಕೊಲ್ಲಲು ಆದೇಶ ಕೊಡುವಂತಿಲ್ಲ. ಆದರೆ ಕಂದಕದಲ್ಲಿ ಮಗು ಇರುವಾಗ ಆದೇಶಕ್ಕೆ ಕಾಯುತ್ತಾ ಕೂರಬೇಕಿಲ್ಲ. ಅದೇ ಕಲಮಿನ ಎರಡನೇ ಉಪಕಲಂ ಪ್ರಕಾರ ತನ್ನ ಅಥವಾ ಇನ್ನೊಬ್ಬರ ರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಲ್ಲ. ಆ ಹೊತ್ತಿನಲ್ಲಿ ತಾನೇ ಕಾಯ್ದೆ ಮೀರುತ್ತಿದ್ದವನಿಗೆ ಈ ರಕ್ಷಣೆ ಸಿಗದು.

ಮಕ್ಕಳ ಬರಹಕ್ಕೆ ಬೇಕಾಗಿದ್ದು 38ಜೆ ಕಲಂ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಗಾಯ ಮಾಡುವುದು, ತಿನಿಸು ಹಾಕುವುದು, ಗದ್ದಲ ಮಾಡಿ ತೊಂದರೆ ಕೊಡುವುದು, ಕಸ ಎಸೆಯುವುದು ಎಲ್ಲವೂ ಶಿಕ್ಷಾರ್ಹ ಅಪರಾಧ. ಕುರ್ಕುರೆ ಪ್ಯಾಕೆಟ್ ಎಸೆದರೂ ಅದೇ ಕಲಂ.

ಗಾಜನೂರು_ಮೇಷ್ಟ್ರು

ಎಲ್ಲರಿಗೂ ಉಪಕಾರವಾಯಿತು. ಒಂದು ಮಾತು ಇನ್ನೂ ಕಾಡುತ್ತಿದೆ. ಮನುಷ್ಯರು ಕೋಟಿಗಟ್ಟಲೆ ಇದ್ದೇವೆ, ಆ ಪ್ರಾಣಿ ಬೆರಳೆಣಿಕೆಯಷ್ಟು ಉಳಿದಿದೆ ಎಂದು ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು ಕೇಳಿದರೆ ಏನು ಹೇಳಲಿ?

ಸಿಂಗಳೀಕ_ಸೀಮೆ

ಕೇಳಲೇಬೇಕಾದ ಪ್ರಶ್ನೆ, ಅವಳನ್ನು ಸುಮ್ಮನೆ ಕೂರಿಸಬೇಡಿ. ಆದರೆ ಮೃಗಾಲಯದ ಪ್ರತಿ ಪ್ರಾಣಿಯೂ ಆ ಜಾತಿಯ ಉಳಿವಿಗೆ ಒಂದೇ ಸಮ ಮುಖ್ಯ ಅಲ್ಲ ಎಂದು ತಿಳಿಸಿ. ದೆಹಲಿಯ ಬಿಳಿ ಹುಲಿಯನ್ನೇ ತೆಗೆದುಕೊಳ್ಳಿ. ಬಿಳಿ ಹುಲಿ ಬೇರೆ ಜಾತಿಯಲ್ಲ, ಒಂದು ಜೀನಿನ ವ್ಯತ್ಯಾಸದಿಂದ ಬರುವ ಬಣ್ಣ ಅಷ್ಟೇ. 1951ರಲ್ಲಿ ರೀವಾದಲ್ಲಿ ಹಿಡಿದ ಮೋಹನ್ ಎಂಬ ಗಂಡುಮರಿಯ ಸಂತತಿಯನ್ನು ಒಳಗೊಳಗೇ ಕೂಡಿಸಿ ಬೆಳೆಸಿದ್ದು. ನೋಡಲು ಬರುವವರಿಗೆ ಅದೇ ಹೆಚ್ಚು ಪ್ರೀತಿ, ಕಾಡಿನ ಹುಲಿಗೆ ಅದರಿಂದ ಕಾಸಿನ ಉಪಯೋಗವಿಲ್ಲ. ಕಾಡಿನ ಹುಲಿ ಉಳಿಯುವುದು ಭದ್ರಾದಂಥ ಕಾಡು ಉಳಿದರೆ. 2022ರ ಗಣತಿಯಲ್ಲಿ ಕರ್ನಾಟಕಕ್ಕೆ ಸಿಕ್ಕಿದ ಲೆಕ್ಕ 563, ಅದರಲ್ಲಿ ಬೋನಿನ ಹುಲಿ ಒಂದೂ ಸೇರಿಲ್ಲ.

ಏಷ್ಯಾದ ಸಿಂಹದ ಮಾತು ಬೇರೆ. 2025ರ ಎಣಿಕೆಯಲ್ಲಿ 891 ಸಿಂಹ, ಅಷ್ಟೂ ಗುಜರಾತಿನ ಒಂದೇ ಭಾಗದಲ್ಲಿ. ಅಲ್ಲಿಗೆ ರೋಗ ಬಡಿದರೆ ಮೃಗಾಲಯದಲ್ಲಿರುವ ಶುದ್ಧ ತಳಿಯೇ ಗತಿ. ಶರಾವತಿ ಕಣಿವೆಯ ನಮ್ಮ ಸಿಂಗಳೀಕಕ್ಕೂ ಹಾಗೆಯೇ, ಬೋನಿನಲ್ಲಿ ಹುಟ್ಟುವ ಪ್ರತಿ ಮರಿಯ ತಾಯಿ ತಂದೆ ಯಾರು ಎಂದು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಂಥ ಪ್ರಾಣಿ ಸತ್ತರೂ ಕೆಲವೇ ಗಂಟೆಯೊಳಗೆ ವೀರ್ಯ, ಅಂಗಾಂಶ ತೆಗೆದು ಶೈತ್ಯದಲ್ಲಿ ಇಡಬಹುದು. ಹರಾಂಬೆಯಿಂದ ತೆಗೆದಿಟ್ಟರು. ನಮ್ಮ ದೇಶದಲ್ಲಿ ಹೈದರಾಬಾದಿನ ಲಾಕೋನ್ಸ್ ಪ್ರಯೋಗಾಲಯ ಇದೇ ಕೆಲಸಕ್ಕೆ ಇದೆ. ಇಷ್ಟು ಅಮೂಲ್ಯವಾದ ಪ್ರಾಣಿ ಇರುವ ಕಡೆ ಜನರನ್ನು ಇನ್ನಷ್ಟು ದೂರ ನಿಲ್ಲಿಸಬೇಕು ಎಂದು ನನ್ನ ವಾದ. ಸಿಂಗಳೀಕದ ತಳಿ ಬೆಳೆಸುವ ಆವರಣವನ್ನು ಜನರಿಗೆ ತೋರಿಸದೆಯೇ ಇಡುವುದು ಅದಕ್ಕೇ.

ಎರಡು_ಬೀಗ

ದೂರ ನಿಲ್ಲಿಸುವ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಪ್ರಾಣಿಯ ಬೆಲೆ ಎಷ್ಟು ಅನ್ನೋದು ರೈಫಲ್ ಹಿಡಿದವನ ತಲೆಗೆ ಆ ಹೊತ್ತಿನಲ್ಲಿ ಬರಲೇಬಾರದು. ಬಂದರೆ ಕೈ ತಡೆಯುತ್ತೆ, ಬೆಂಗಳೂರಿಗೆ ಫೋನ್ ಮಾಡೋಣ ಅನ್ನಿಸುತ್ತೆ. ಪಾಳಿಗೆ ಒಬ್ಬರಂತೆ, ಗುಂಡು ಹಾರಿಸುವ ನಿರ್ಧಾರ ಯಾರದ್ದು ಅಂತ ಹೆಸರು ಬರೆದು ಗೋಡೆಗೆ ಹಾಕಿರಬೇಕು. ಅವರು ರಜೆ ಹಾಕಿದರೆ ಯಾರು ಅಂತಲೂ ಬರೆದಿರಬೇಕು. ಇನ್ನೊಬ್ಬರ ಕೆಲಸ ಜನರನ್ನು ಹಿಂದಕ್ಕೆ ಕಳಿಸೋದು, ಮತ್ತೊಬ್ಬರದ್ದು ಕೊಠಡಿ ಬಾಗಿಲು ತೆರೆದು ಗಂಟೆ ಬಾರಿಸೋದು. ಗರ್ನಾಲು ಹೊಡೆಯೋದು, ನೀರು ಚಿಮ್ಮಿಸೋದು, ಕಾರ್ಬನ್ ಡೈಆಕ್ಸೈಡ್ ಅಗ್ನಿಶಾಮಕ ಊದೋದು ಎಲ್ಲಾ ಉಪಯೋಗಕ್ಕೆ ಬರ್ತವೆ, ಆದರೆ ಪ್ರಾಣಿ ಓಡಿಹೋಗಬೇಕಾದ ಬಾಗಿಲು ಮೊದಲು ತೆರೆದಿರಬೇಕು. ದಾರಿ ಇಲ್ಲದ ಕಡೆ ಹೆದರಿಸಿದರೆ ಅದು ಮನುಷ್ಯನ ಮೇಲೇ ಬೀಳುತ್ತೆ. ವರ್ಷಕ್ಕೆ ಎರಡು ಸಲ ಗಡಿಯಾರ ಹಿಡಿದು ಅಣಕು ಅಭ್ಯಾಸ ಮಾಡಲಿ.

ಗಾಜನೂರು_ಮೇಷ್ಟ್ರು

ಮಕ್ಕಳ ಹಾಳೆಗೆ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿ: “ಯಾರಾದರೂ ಒಳಗೆ ಬಿದ್ದರೆ ಕಿರುಚಬೇಡಿ, ಕಲ್ಲು ಎಸೆಯಬೇಡಿ, ಮೊಬೈಲ್ ತೆಗೆಯಬೇಡಿ. ಇಬ್ಬರು ಓಡಿ ಸಿಬ್ಬಂದಿಯನ್ನು ಕರೆಯಿರಿ, ಉಳಿದವರು ಬೇಲಿಯಿಂದ ಹಿಂದೆ ಸರಿಯಿರಿ. ಒಳಗೆ ಬಿದ್ದವರು ಅಲುಗಾಡದೆ ಮುದುರಿ ಕುಳಿತುಕೊಳ್ಳಬೇಕು.”

ಸೂಜಿಮದ್ದು

ಕೊನೆಯ ಸಾಲು ಬದಲಿಸಿ ಮೇಷ್ಟ್ರೇ. ಮುದುರಿ ತಲೆ ತಗ್ಗಿಸಿ ಕೂರೋದು ಗೊರಿಲ್ಲಾದ ಎದುರು ಸರಿ. ಹುಲಿ ಸಿಂಹದ ಎದುರು ಕೂತರೆ, ಬಗ್ಗಿದರೆ, ಬೆನ್ನು ತಿರುಗಿಸಿ ಓಡಿದರೆ ಬೇಟೆಯ ಹಾಗೆ ಕಾಣುತ್ತೆ. ಎದ್ದು ನಿಲ್ಲಬೇಕು, ಪ್ರಾಣಿಯ ಕಡೆ ಮುಖ ಇರಬೇಕು, ಕೈಯಲ್ಲಿ ಬ್ಯಾಗ್ ಇದ್ದರೆ ಎದೆಯ ಮುಂದೆ ಹಿಡಿದು ಒಂದೊಂದೇ ಹೆಜ್ಜೆ ಗೋಡೆಯ ಕಡೆ ಹಿಂದೆ ಸರಿಯಬೇಕು.

ಕಿರುಚಬೇಡಿ ಅನ್ನೋ ಸಾಲಿಗೆ ಕಾರಣವನ್ನೂ ಸೇರಿಸಿ, ಕಾರಣ ಗೊತ್ತಾದರೆ ಮಕ್ಕಳು ಮರೆಯೋದಿಲ್ಲ. ದೆಹಲಿಯಲ್ಲಿ ಹುಲಿ ಆ ಯುವಕನ ಎದುರು ಕೆಲವು ನಿಮಿಷ ಬರೀ ನೋಡ್ತಾ ನಿಂತಿತ್ತು. ಮೇಲಿಂದ ಕೂಗಾಟ, ಕಲ್ಲು ಶುರುವಾಯ್ತು, ಆಮೇಲೆ ಕುತ್ತಿಗೆ ಹಿಡಿದು ಎಳೆದುಕೊಂಡು ಹೋಯಿತು. ಸಫಾರಿ ಬಸ್ಸಿನ ಬಗ್ಗೆಯೂ ಎರಡು ಸಾಲು ಇರಲಿ: ಜಾಲರಿಯಿಂದ ಬೆರಳು ಹೊರಗೆ ಹಾಕಬಾರದು, ಬಸ್ಸು ಮಧ್ಯೆ ಕೆಟ್ಟು ನಿಂತರೆ ಚಾಲಕರೂ ಇಳಿಯೋದಿಲ್ಲ, ವಾಕಿಟಾಕಿಯಲ್ಲಿ ಹೇಳಿ ಎರಡನೇ ಗಾಡಿ ಬರೋ ತನಕ ಒಳಗೇ ಕೂತಿರಬೇಕು. ಅರವತ್ತು ಮಕ್ಕಳಿಗೆ ನೀರಿನ ಬಾಟಲಿ ಬಸ್ಸಿನೊಳಗೇ ಇರಲಿ.

ಗಾಜನೂರು_ಮೇಷ್ಟ್ರು

ತಿದ್ದಿದೆ. ನಾಳೆ ಜೆರಾಕ್ಸ್‌ಗೆ ಕೊಡುತ್ತೇನೆ. ಹತ್ತು ಮಕ್ಕಳಿಗೆ ಒಬ್ಬರಂತೆ ಆರು ಜನ ದೊಡ್ಡವರನ್ನೂ ಗೊತ್ತು ಮಾಡಿದ್ದೇನೆ.